ನನ್ನ ಹೊಲಿಗೆ ಕೋಣೆಯನ್ನು ರಸ್ತೆ ಮಾಡಿದ ಆ್ಯಪ್‌ನವರಿಗೆ

ಪ್ರಯಾಣಿಕರಿಗೆಲ್ಲ ಎಡಬಲ ಹೇಳಿಕೊಡುವ, ದಾರಿ ತಪ್ಪಿಸಿಯೂ ದನಿ ನಡುಗದ ಮಾನ್ಯರೇ,

ಮೇಲಿನ ಬೀದಿಯ ದರ್ಜಿಯಾದ ನಾನು, ಕತ್ತರಿ ಕೆಳಗಿಟ್ಟು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಪ್‌ಡೇಟ್ ಎಂಬ ಹೊಸ ಸುಧಾರಣೆಯ ನಂತರ ತಾವು ನಮ್ಮ ಬೀದಿಯಿಂದ ಕೆಳಗಿನ ಬಸ್ ನಿಲ್ದಾಣಕ್ಕೆ ತೋರಿಸುತ್ತಿರುವ ಎರಡು ನಿಮಿಷದ ಹತ್ತಿರದ ರಸ್ತೆಯು ರಸ್ತೆಯಲ್ಲ, ನನ್ನ ಹೊಲಿಗೆ ಕೋಣೆ. ಅದರ ಮುಂಬಾಗಿಲು ಮೇಲಿನ ಬೀದಿಗೂ ಹಿಂಬಾಗಿಲು ಕೆಳಗಿನ ಬೀದಿಗೆ ಹೋಗುವ ಇಳಿಜಾರಿಗೂ ತೆರೆಯುವುದು ನಿಜ. ಆದರೆ ನಡುವೆ ಇರುವುದು ಬಟ್ಟೆ ಕತ್ತರಿಸುವ ಮೇಜು, ಎರಡು ಮೆಷಿನ್ನು, ಒಂದು ಇಸ್ತ್ರಿಪೆಟ್ಟಿಗೆ ಮತ್ತು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗೊರಕೆ ಹೊಡೆಯುವ ನನ್ನ ಸೋದರಮಾವ. ಆ ಹೊತ್ತಿನಲ್ಲಿ ತಾವು 'ಮುಂದೆ ಸಂಚಾರ ನಿಧಾನ' ಎಂದು ಎಚ್ಚರಿಸುವುದು ಎಷ್ಟು ಕರಾರುವಾಕ್ಕೆಂದರೆ, ಮಾವ ಕಾಲು ಚಾಚಿದ್ದು ತಮಗೆ ಹೇಗೆ ತಿಳಿಯಿತೋ ಎಂದು ಮನೆಮಂದಿಯೆಲ್ಲ ಬೆರಗಾಗಿದ್ದೇವೆ.

ತಪ್ಪು ನಮ್ಮದೇ ಇರಬಹುದು. ಅಪ್ಪನ ಕಾಲದಿಂದಲೂ ಹಗಲು ಹೊತ್ತು ಆ ಬಾಗಿಲುಗಳಿಗೆ ಚಿಲಕ ಹಾಕಿದವರಿಲ್ಲ. ಓಣಿಯವರೆಲ್ಲ ಕಾಲೊರೆಸಿಕೊಂಡು, 'ಬಸ್ಸಿಗೆ ಹೊತ್ತಾಯ್ತಪ್ಪಾ' ಎಂದು ಗೊಣಗುತ್ತಾ, ಬಿದ್ದ ಗುಂಡಿಯೊಂದನ್ನು ಎತ್ತಿ ಮೇಜಿನ ಮೇಲಿಟ್ಟು ಹಾದುಹೋಗುತ್ತಾರೆ. ಅವರ ಜೇಬಿನ ಮೊಬೈಲುಗಳನ್ನು ನೋಡಿನೋಡಿಯೇ ತಾವು ಇದನ್ನು ರಸ್ತೆಯೆಂದು ಕಲಿತಿರಂತೆ. ಕಾಲೊರೆಸುವುದನ್ನು ಮಾತ್ರ ಕಲಿಯಲಿಲ್ಲ. ಈಗ ದಿನಕ್ಕೆ ನಲವತ್ತು ಮಂದಿ ಪ್ರವಾಸಿಗರು ಗಾಲಿಪೆಟ್ಟಿಗೆ ಎಳೆದುಕೊಂಡು, ಕಣ್ಣನ್ನು ಮೊಬೈಲಿನಲ್ಲೇ ನೆಟ್ಟು, ನಾನು ನೆಲಕ್ಕೆ ಹಾಸಿದ ಮದುವೆ ಗೌನಿನ ಬಿಳಿ ಬಟ್ಟೆಯ ಮೇಲೆ ಗಡಗಡ ಸಾಗುತ್ತಾರೆ. ಅದರಲ್ಲಿ ಮೂಡಿದ ಎರಡು ಕರಿಗೆರೆಗಳನ್ನು ಹೊಸ ವಿನ್ಯಾಸವೆಂದು ಮದುಮಗಳ ತಾಯಿಗೆ ಒಪ್ಪಿಸುವಷ್ಟರಲ್ಲಿ ನನ್ನ ಗಂಟಲ ಪಸೆ ಆರಿತು.

ತಲೆಕೆಟ್ಟು, ಕಳೆದ ಸೋಮವಾರ ಎರಡೂ ಬಾಗಿಲಿಗೆ ಬೀಗ ಜಡಿದೆ. ತಾವು ಅರೆಕ್ಷಣದಲ್ಲಿ 'ರಸ್ತೆ ಮುಚ್ಚಿದೆ, ಬೇರೆ ದಾರಿ ಹುಡುಕಲಾಗಿದೆ' ಎಂದು ಊರಿಗೆಲ್ಲ ಸಾರಿದಿರಂತೆ. ಭೇಷ್! ಆದರೆ ಎದುರುಮನೆಯ ನರ್ಸಕ್ಕನಿಗೆ ಆ ಬೇರೆ ದಾರಿಯೆಂದರೆ ನೂರ ಹನ್ನೆರಡು ಮೆಟ್ಟಿಲು. ಹನ್ನೊಂದು ವರ್ಷದಿಂದ ಬೆಳಗಿನ ಪಾಳಿಗೆ ನನ್ನ ಕೋಣೆಯ ಮೂಲಕವೇ ಹೋಗುತ್ತಿದ್ದ, ಎರಡೂ ಮಂಡಿ ನೋಯುವ ಆಕೆ, ಬೀಗ ನೋಡಿ, ಕೂಗಿ ಕರೆಯಲೂ ಇಲ್ಲ. ಸುತ್ತು ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಸಂಜೆ ನಾನೇ ಹೋಗಿ ಕೇಳಿದರೆ, 'ನಿನ್ನ ಮನೆ, ನಿನ್ನ ಬಾಗಿಲು, ನಾನೇನು ಹೇಳಲಿ ತಮ್ಮಾ' ಎಂದುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನಗೆ ಅಳುವೇ ಬಂತು. ಅಂದೇ ಬೀಗ ತೆಗೆದೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ರಸ್ತೆಯನ್ನು ಅಳಿಸಿ, ಬಾಗಿಲನ್ನು ಉಳಿಸಿಕೊಡಿ. ಅಷ್ಟು ತಮ್ಮ ಕೈಲಾಗದಿದ್ದರೆ, 'ಇನ್ನು ಹತ್ತು ಹೆಜ್ಜೆಗೆ ಒಂದು ಮನೆ ಬರುತ್ತದೆ, ಕಾಲೊರೆಸಿಕೊಳ್ಳಿ, ಪೆಟ್ಟಿಗೆ ಎತ್ತಿಕೊಳ್ಳಿ, ಮಾವನ ಕಾಲು ತುಳಿಯಬೇಡಿ' ಎಂದು ತಮ್ಮ ಇಂಪಾದ ದನಿಯಲ್ಲಿ ನುಡಿಯಿರಿ; ಬೆಳಗ್ಗೆ ಆರೂಕಾಲಿಗೆ ನರ್ಸಕ್ಕ ಹೊರಟಾಗ ಮಿಕ್ಕವರಿಗೆಲ್ಲ ಕೆಂಪು ಬಣ್ಣ ತೋರಿಸಿ; ಮತ್ತು ದೂರವನ್ನು ಸದಾ ನಿಮಿಷದಲ್ಲಿ ಅಳೆಯುವ ತಾವು ಒಮ್ಮೆಯಾದರೂ ಮಂಡಿಯಲ್ಲಿ ಅಳೆದು ನೋಡಿ. ಬೇಕಿದ್ದರೆ ನನ್ನ ಟೇಪು ಕಳಿಸಿಕೊಡುತ್ತೇನೆ.

ಬೀಗ ಕೈಯಲ್ಲಿದ್ದೂ ಹಾಕಲಾರದ,
ತಮ್ಮ ವಿಶ್ವಾಸಿ,
ತಮ್ಮ ರಸ್ತೆಯ ಮಧ್ಯದಲ್ಲಿ ಕೂತಿರುವ ದರ್ಜಿ

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ಹೊಸ್ತಿಲ ಬಳಿ ಹಾರ್ನ್ ಕೇಳಿಸಿತು, ಇವತ್ತಿನಿಂದ ನನ್ನ ಕೋಣೆ ಬೈಕುಗಳಿಗೂ ಯೋಗ್ಯವೆಂದು ಸುಧಾರಿಸಿದ್ದೀರಂತೆ. ಆಗಷ್ಟೇ ಪಾಳಿಗೆ ಹೊರಟಿದ್ದ ನರ್ಸಕ್ಕ ಆ ಸವಾರನನ್ನು ಕೆಳಗಿಳಿಸಿ, ಎರಡೂ ಚಕ್ರ ಒರೆಸಿಸಿ, ಗಾಡಿಯನ್ನು ತಳ್ಳಿಸಿ, ಹಿಂಬಾಗಿಲು ದಾಟಿದ ಮೇಲೆ ಅವನ ಹಿಂದೆಯೇ ಕೂತು ಆಸ್ಪತ್ರೆಯವರೆಗೂ ಹೋದರು. ತಮಗೇ ತಿಳಿಯದಂತೆ ತಾವು ಮಾಡಿದ ಮೊದಲ ಸುಧಾರಣೆ ಇದು. ದಯವಿಟ್ಟು ಇದನ್ನು ಸರಿಪಡಿಸಲು ಬರಬೇಡಿ.