ಚೀಲದ ತಳದ ಕಾಳು

ನಮ್ಮ ಮಾಮಾ ಕ್ಯಾನ್ಸರ್ ಆಸ್ಪತ್ರೆಗೆ ರೋಗಿಯಾಗಿ ಹೋದವರಲ್ಲ, ತಪಾಸಣೆ ಅಧಿಕಾರಿಯಾಗಿ ಹೋದವರು! ಗಡ್ಡೆ ಇದ್ದದ್ದು ಅವರ ಶ್ವಾಸಕೋಶದಲ್ಲಿ. ಫೈಲು ಹಿಡಿದು ಬೆವರಿದವಳು ನಾನು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಜೀವಮಾನವೆಲ್ಲ ಜೋಳ-ಕಡಲೆಯ ದಲಾಲಿ ಮಾಡಿದವರು. ಆ ಕಸುಬಿಗೆ ಒಂದು ನಿಯಮವಿದೆ: ಚೀಲದ ಬಾಯಿಯ ಕಾಳನ್ನು ನಂಬಬಾರದು. ಒಳ್ಳೆಯದನ್ನು ಎಲ್ಲರೂ ಮೇಲೆಯೇ ಹಾಕಿರುತ್ತಾರೆ. ಕೊಳವೆ ಚುಚ್ಚಿ ತಳದ ಕಾಳು ತೆಗೆದು, ಅಂಗೈ ಮೇಲೆ ಹರವಿ ನೋಡಬೇಕು, ಮಾತು ಆಮೇಲೆ. ಮನೆಯಲ್ಲಿ ಉಪ್ಪಿಟ್ಟನ್ನೂ ಅವರು ಹೀಗೇ ತಳದಿಂದ ಕೆದಕಿ ನೋಡುತ್ತಿದ್ದರು. ನಮ್ಮ ಅತ್ತೆಗೆ ಅದು ಪ್ರತಿದಿನದ ಅವಮಾನ.

ಡಾಕ್ಟರು ಧಾರವಾಡದ ಕಡೆಯವರು. ರೋಗ ಹರಡಿದೆ, ಆದರೂ ಚಿಕಿತ್ಸೆ ಇದೆ, ಸೋಮವಾರವೇ ಕೀಮೋ ಶುರು ಮಾಡೋಣ ಎಂದು ನಿಧಾನವಾಗಿ ವಿವರಿಸಿದರು. ಮಾಮಾ ಕೇಳಿದ್ದು ಒಂದೇ ಮಾತು.

"ನೂರು ಮಂದ್ಯಾಗ ಎಷ್ಟು ಮಂದಿ ಉಳೀತಾರ್ರೀ?"

"ನಿಮಗಂತ ಒಂದು ಅಂಕಿ ಹೇಳಿದ್ರ ಸುಳ್ಳಾಗ್ತದ್ರಿ. ಔಷಧ ತಗೊಂಡವರಿಗೆ ಒಟ್ಟಿನ್ಯಾಗ ಹೆಚ್ಚು ಕಾಲ ಸಿಗ್ತದ. ಆದ್ರ ಭಾಳ ಮಂದಿ ಔಷಧ ತಗೊಳ್ಳೂತನಕಾ ಬರೂದೇ ಇಲ್ಲ. ನೀವು ಅವರೊಳಗ ಒಬ್ಬರಾಗಬ್ಯಾಡ್ರಿ."

"ಹಂಗಾದ್ರ ನಾನ ನೋಡಿ ಹೇಳ್ತೀನಿ," ಎಂದು ಮಾಮಾ ಎದ್ದೇಬಿಟ್ಟರು!

ಹೊರಗೆ ಬೆಂಚಿನ ಮೇಲೆ ಸಾಲಾಗಿ ರೋಗಿಗಳು ಕೂತಿದ್ದರು. ಒಬ್ಬೊಬ್ಬರನ್ನೂ ಊರು ಯಾವುದು, ಎಷ್ಟು ಡೋಸ್ ಆಯಿತು, ಊಟ ಸೇರುತ್ತದೆಯೇ ಎಂದು ವಿಚಾರಿಸಿದರು. ಎಲ್ಲರೂ ನಗುನಗುತ್ತಾ ಉತ್ತರಿಸಿದರು. ನನಗೆ ಜೀವ ಬಂದಂತಾಯಿತು.

"ನೋಡಿದ್ರಿಲ್ಲೋ ಮಾಮಾ? ಔಷಧ ತಗೊಂಡವ್ರು ಎಲ್ಲಾರೂ ಗಟ್ಟಿ ಅದಾರ."

"ಹುಚ್ಚಿ, ಇದು ಚೀಲದ ಬಾಯಿ. ಸತ್ತವ್ರು ಬೆಂಚಿನ ಮ್ಯಾಲೆ ಬಂದು ಕೂಡ್ತಾರೇನು?"

ತರ್ಕ ಸರಿಯಾಗಿತ್ತು. ಸಿಟ್ಟು ಬಂದದ್ದೇ ಅದಕ್ಕೆ!

ಬರುವುದನ್ನು ನಿಲ್ಲಿಸಿದ ಮೂವರ ವಿಳಾಸವನ್ನು ಆ ಬೆಂಚಿನವರಿಂದಲೇ ಸಂಪಾದಿಸಿದರು. ಸೋಮವಾರ ಬಂತು, ಹೋಯಿತು. ಮಗರಪಟ್ಟಾದ ನನ್ನ ಆಫೀಸಿಗೆ ರಜೆ ಹಾಕಿ ನಾನು ಅವರ ಡ್ರೈವರ್ ಆದೆ.

ಮೊದಲ ಮನೆಯ ರೋಗಿ ತೀರಿಕೊಂಡಿದ್ದರು. ಔಷಧ ಪೂರ್ತಿ ಮಾಡಿದ್ದರೇ ಎಂದು ಮಾಮಾ ಬಾಗಿಲಲ್ಲೇ ಕೇಳಿದರು. ಪೂರ್ತಿ ಮಾಡಿದ್ದರು, ಎರಡು ವರ್ಷ ಚೆನ್ನಾಗಿಯೂ ಇದ್ದರು ಎಂದಳು ಸೊಸೆ. ನಾನು ಆ ಎರಡು ವರ್ಷಗಳನ್ನು ಹಿಡಿದುಕೊಂಡೆ. ಮಾಮಾ ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಎರಡನೆಯ ಮನೆಯ ಅಜ್ಜಿ ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಗುಳಿಗೆ ಬದಲಾದ ಮೇಲೆ ಆಕೆ ಬೇರೆ ದಿನ ಆಸ್ಪತ್ರೆಗೆ ಹೋಗುತ್ತಿದ್ದಳಂತೆ, ಅಷ್ಟೇ! ಮಾಮಾ ಬಂದ ಕಾರಣ ಹೇಳಿದ್ದೇ ತಡ, "ನಾನು ಸತ್ತೆನೋ ಇಲ್ಲವೋ ಅಂತ ನೋಡಲು ಬಂದೆಯಾ?" ಎಂದು ಮರಾಠಿಯಲ್ಲಿ ಗುಡುಗಿದಳು. ಆದರೂ ಕೆಳಗಿಳಿಯುವಾಗ ಮಾಮಾನ ಕೈಯಲ್ಲಿ ಆಕೆಯ ಹಪ್ಪಳದ ಕಟ್ಟಿತ್ತು.

"ತಳದಾಗೂ ಗಟ್ಟಿ ಕಾಳು ಸಿಕ್ತಲ್ರೀ. ಇನ್ನರ ನಡೀರಿ ಆಸ್ಪತ್ರಿಗೆ," ಎಂದೆ.

"ಇನ್ನೊಂದು ಮನಿ ಉಳದದ."

ಆ ಇನ್ನೊಂದು ಮನೆ ಐವತ್ತು ಕಿಲೋಮೀಟರ್ ದೂರದ ರಾಂಜಣಗಾಂವದಲ್ಲಿ! ದಾರಿಯುದ್ದಕ್ಕೂ ನಾನು ಬೈದೆ. ಮಾಮಾ ಕಿಟಕಿಯ ಕಡೆ ಮುಖ ಮಾಡಿ ಕೆಮ್ಮಿದರು.

ಆ ಮನೆಯ ಯಜಮಾನರು ಅಥಣಿಯವರು, ಫ್ಯಾಕ್ಟರಿ ಕೆಲಸಗಾರರು. ವಯಸ್ಸು ನಲವತ್ತೈದು ದಾಟಿರಲಿಕ್ಕಿಲ್ಲ. ಎರಡು ಡೋಸಿಗೆ ನಿಲ್ಲಿಸಿಬಿಟ್ಟಿದ್ದರು.

"ಯಾಕ ಬಿಟ್ರಿ?" ಎಂದರು ಮಾಮಾ.

"ಸೂಜಿ ಹಚ್ಚಿದ ಮ್ಯಾಲೆ ಮನಿ ಮುಟ್ಟೂತನಕಾ ಜೊತಿಗೆ ಒಬ್ಬರು ಬೇಕ್ರೀ. ಹೆಂಡ್ತಿಗೆ ಡ್ಯೂಟಿ ಇರ್ತದ. ಒಮ್ಮೆ ಬಸ್‌ಸ್ಟ್ಯಾಂಡಿನ್ಯಾಗ ಬಿದ್ದುಬಿಟ್ಟೆ. ಆವಾಗಿಂದ ಹೋಗಿಲ್ಲ." ಆಮೇಲೆ ಅವರೂ ಕೇಳಿದರು: "ನಿಮ್ಮವು ಎಷ್ಟಾದ್ವು, ಕಾಕಾ?"

ಮಾಮಾ ತಮ್ಮ ಮೊಣಕಾಲು ಸವರಿಕೊಂಡರು.

"ಒಂದೂ ಇಲ್ಲೋ ತಮ್ಮಾ. ಅಂಜಿಕಿ. ಈ ಮನಿ ಮನಿ ತಿರುಗೂದೆಲ್ಲಾ ಬರೇ ನೆವಾ."

ಒಂಬತ್ತು ದಿನ ನಾನು ಅವರನ್ನು ಬೈದಿದ್ದೆ. ಹೆದರಿಕೆಯಾಗುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ರಾಂಜಣಗಾಂವಕ್ಕೆ ಹೋಗಿ ಅಥಣಿಯವರನ್ನು ಕರೆತಂದೆ. ವಾರ್ಡಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ ಸಿಕ್ಕಿತು. ನರ್ಸ್ ಚೀಟಿ ಹಿಡಿದು ಬಂದು, ಪೇಶಂಟ್ ಜೊತೆಗೆ ಬಂದವರು ಯಾರು ಎಂದು ಕೇಳಿದಳು.

ಮಾಮಾ ಅಥಣಿಯವರ ಕಡೆ ಬೆರಳು ತೋರಿಸಿದರು. ಅವರು ಮಾಮಾನ ಕಡೆ.

ಎರಡೂ ಫೈಲುಗಳನ್ನು ಎದೆಗವಚಿಕೊಂಡು ಹಿಂದೆ ನಿಂತಿದ್ದ ನಾನು ಇನ್ನೊಂದು ಹೆಜ್ಜೆ ಹಿಂದೆ ಸರಿದೆ.