ಬೀಗತಿಗಾಗಿ ಫ್ಯಾನು ರಿಪೇರಿ

ಮಕ್ಕಳೇ, ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಬಲ್ಲವಳಿಗೆ ಕಾರು ಯಾವ ದೊಡ್ಡ ಮಾತು ಎಂದು ನಾನು ನಂಬಿದ್ದೆ. ಆ ನಂಬಿಕೆ ಒಂದು ಮಧ್ಯಾಹ್ನದವರೆಗೆ ಚೆನ್ನಾಗಿಯೇ ಇತ್ತು.

ನಿಮ್ಮ ಅಜ್ಜ ಬಿಟ್ಟುಹೋದ ಕಾರಿನ ಫ್ಯಾನು ಕೆಟ್ಟಿತ್ತು. ಒಂದು, ಎರಡು, ಮೂರರಲ್ಲಿ ಉಸಿರೇ ಇಲ್ಲ. ನಾಲ್ಕಕ್ಕೆ ತಿರುಗಿಸಿದರೆ ಬಿರುಗಾಳಿ! ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ.

ನಾನೊಬ್ಬಳೇ ಓಡಾಡುವಾಗ ಚಿಂತೆಯಿರಲಿಲ್ಲ. ಆದರೆ ನಿಮ್ಮ ಅವ್ವನನ್ನು ನೋಡಲು ಬಾದಾಮಿಯಿಂದ ಹುಡುಗ, ಅವನ ತಾಯಿ ಬರುವವರಿದ್ದರು. ಅವರು ಅಮೀನಗಡದಲ್ಲಿ ಬಸ್ ಇಳಿದರೆ, ಹುನಗುಂದದ ನಮ್ಮ ಮನೆಗೆ ಕರೆತರುವುದು ನನ್ನ ಪಾಲಿನ ಕೆಲಸ. ಆ ತಾಯಿ ಸಾಮಾನ್ಯದವರಲ್ಲ. ಹಿಂದೆ ಒಂದು ಮನೆಯಲ್ಲಿ ಹುಡುಗಿಯ ತಾಯಿ ತಲೆಯ ಮೇಲೆ ಸೆರಗಿಲ್ಲದೆ ಚಹಾ ತಂದರೆಂದು ಕಪ್ಪು ಮುಟ್ಟದೆ ಎದ್ದು ಬಂದವರು! ನಿಮ್ಮ ಅವ್ವನೋ, ಮದುವೆಯಾದರೆ ಆ ಹುಡುಗನನ್ನೇ ಎಂದು ಹಟ ಹಿಡಿದಿದ್ದಳು.

“ಅವ್ವಾ, ನಿನ್ನ ಸೆರಗಿನ ಮ್ಯಾಲ ನನ್ನ ಮದವಿ ನಿಂತೈತಿ ನೋಡು,” ಎಂದಳು.

ಗ್ಯಾರೇಜಿಗೆ ಹೋಗಬಹುದಿತ್ತು. ಆದರೆ ಅಷ್ಟು ಗಂಡಸರ ನಡುವೆ ಸ್ಟೂಲಿನ ಮೇಲೆ ಕೂರಬೇಕಲ್ಲ! ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಫ್ಯಾನಿನ ವೇಗ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್ ಎಂಬ ಚಿಕ್ಕ ವಸ್ತು ಸುಟ್ಟಿದೆ ಎಂದು ತಿಳಿಯಿತು. ಬಾಗಲಕೋಟೆಯಿಂದ ಹೊಸದನ್ನು ತರಿಸಿದೆ. ಅವರು ಬರುವ ದಿನ ಬೆಳಿಗ್ಗೆ ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ, ತಲೆ ಒಳಗೆ ತೂರಿಸಿದೆ. ಪಕ್ಕದ ಮನೆಯ ಖಾದರಬಿ ಬ್ಯಾಟರಿ ದೀಪ ಹಿಡಿದು ನಿಂತಳು.

“ಅಕ್ಕಾ, ಹೊರಗ ನಿನ್ನ ಕಾಲಷ್ಟ ಕಾಣಾಕತ್ತಾವ. ಮಂದಿ ಆ್ಯಕ್ಸಿಡೆಂಟ್ ಅಂತ ಕೂಡ್ತಾರ!”

“ಸುಮ್ನ ಬೆಳಕ ಹಿಡಿ!”

ಹಳೆಯದು ಹೊರಬಂತು. ಅದಿದ್ದ ಜಾಗದಲ್ಲಿ, ಗಾಳಿ ಹೋಗುವ ಕೊಳವೆಗೆ ಒಂದು ತೂತು. ಹೊಸದನ್ನು ಕೂರಿಸುವ ಮೊದಲು ಕೈ ತಡೆಯಿತು. ಪೂಜೆಯಿಲ್ಲದೆ ಹೊಸ ಸಾಮಾನು ನಡೆದೀತೇ? ಕಳಚಿಟ್ಟ ಡಬ್ಬಿಯಲ್ಲಿ ಬನಶಂಕರಿಯಿಂದ ತಂದಿಟ್ಟ ಭಂಡಾರವಿತ್ತು, ದೇವರ ಅರಿಶಿನದ ಪುಡಿ. ರೆಸಿಸ್ಟರಿಗೆ ಒಂದು ಚಿಟಿಕೆ ಹಚ್ಚಿದೆ. ಒಳಗಿನ ಫ್ಯಾನಿಗೂ ಇರಲಿ ಎಂದು ತೂತಿನಲ್ಲಿ ಸ್ವಲ್ಪ ಹಾಕಿದೆ. ದೇವರ ವಿಷಯದಲ್ಲಿ ನನ್ನ ಸ್ವಲ್ಪ ಎಂದರೆ ಒಂದು ಹಿಡಿ!

“ಸಾಕಬೇ ಅಕ್ಕಾ, ಪಲ್ಯಾ ಮಾಡಾಕತ್ತೀಯೇನು?” ಎಂದಳು ಖಾದರಬಿ.

ನಾನು ಕಿವಿಗೊಡಲಿಲ್ಲ. ಎಲ್ಲ ಜೋಡಿಸಿ ಫ್ಯಾನನ್ನು ಒಂದಕ್ಕೆ ತಿರುಗಿಸಿದೆ. ಮೆಲ್ಲನೆ ಗಾಳಿ ಬಂತು. ಸೆರಗು ಅಲುಗಲಿಲ್ಲ. ಅಷ್ಟೇ ಸಾಕೆಂದು ಹೊರಟೇಬಿಟ್ಟೆ.

ಅಮೀನಗಡದಲ್ಲಿ ಹುಡುಗನ ತಾಯಿ, ನನ್ನ ಬೀಗತಿಯಾಗಬೇಕಾದವರು, ಗರಿಗರಿ ಇಳಕಲ್ ಸೀರೆಯುಟ್ಟು ನನ್ನ ಪಕ್ಕ ಕುಳಿತರು. ಬಿಳಿ ಅಂಗಿಯ ಹುಡುಗ ಹಿಂದೆ. ಅವರು ರಸ್ತೆ ನೋಡಲಿಲ್ಲ, ನನ್ನ ಸೆರಗನ್ನೇ ನೋಡಿದರು. ಕೊನೆಗೆ ಬಾಯಿ ಬಿಟ್ಟರು.

“ಶಕಿ ಭಾಳ ಐತ್ರಿ. ಫ್ಯಾನ್ ಜೋರ ಮಾಡ್ರಿ.”

ಎರಡಕ್ಕೆ ತಿರುಗಿಸಿದೆ.

“ಇನ್ನಷ್ಟ.”

ಮೂರು.

“ಇಷ್ಟ ಏನ್ರಿ ನಿಮ್ಮ ಫ್ಯಾನು?”

ಹುಟ್ಟಿದಾಗಿನಿಂದ ಯಾರಿಗೂ ಒಲ್ಲೆ ಎಂದವಳಲ್ಲ ನಾನು. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಾಲ್ಕಕ್ಕೆ ತಿರುಗಿಸಿದೆ.

ಭುಸ್!

ಎದುರಿನ ರಸ್ತೆ ಹಳದಿಯಾಯಿತು. ಕಾರು ಹಳದಿಯಾಯಿತು. ಕಿರುಚಲು ಬಾಯಿ ತೆರೆದೆ, ಕಚ್ಚಿದ್ದ ಸೆರಗೂ ಹಾರಿತು. ಹೇಗೋ ಬದಿಗೆ ನಿಲ್ಲಿಸಿದೆ. ಪುಡಿ ಇಳಿದಾಗ ನೋಡುತ್ತೇನೆ, ಬೀಗತಿಯ ಹುಬ್ಬು ಕೂಡ ಹಳದಿ! ನನ್ನ ಸೆರಗು, ಹಿಂದೆ ಸೀನುತ್ತಿದ್ದ ಹುಡುಗನ ತಲೆಯ ಮೇಲಿತ್ತು!

ಬೀಗತಿ ಕನ್ನಡಿ ತಮ್ಮತ್ತ ತಿರುಗಿಸಿಕೊಂಡರು. ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ಮಗಳ ಮದುವೆ ಮುರಿದೇ ಹೋಯಿತು ಎಂದುಕೊಂಡೆ.

“ಮಾಂತೇಶಾ,” ಎಂದರು ಕೊನೆಗೆ ಮಗನಿಗೆ, “ಹುಡುಗಿನ್ನ ಇನ್ನೂ ನೋಡಿಲ್ಲ, ಆಗಲೇ ಅರಿಷಿಣ ಹಚ್ಚಿಬಿಟ್ರಲ್ಲೋ! ಇನ್ನ ಒಲ್ಲೆ ಅಂತ ಯಾವ ಮಾರಿ ಇಟಗೊಂಡು ಊರಿಗೆ ಹೋಗೂದು?”

ಆಮೇಲೆ ಹೊಟ್ಟೆ ಹಿಡಿದು ನಕ್ಕರು. “ಸೆರಗ ಅವನಿಗಿ ಬ್ಯಾಡ್ರಿ, ನೀವ ಹೊತಗೋರಿ!”

ಗಂಡ ಸತ್ತ ಮೇಲೆ, ಮದುವೆ ಮನೆಯಲ್ಲಿ ಅರಿಶಿನದ ತಟ್ಟೆ ಬಂದರೆ ಮೂಲೆಗೆ ಸರಿಯುತ್ತಿದ್ದವಳು ನಾನು. ಸ್ವಂತ ಮಗಳ ಮದುವೆಯಲ್ಲಿ ಮೊದಲ ಅರಿಶಿನ ಹಚ್ಚಿದವಳೂ ನಾನೇ, ಅದೂ ನಾಲ್ಕನೇ ವೇಗದಲ್ಲಿ!

ಮದುವೆ ಗಟ್ಟಿಯಾಯಿತು. ನನ್ನ ರಿಪೇರಿ ಗಟ್ಟಿಯಾಗಲಿಲ್ಲ. ಒಂದು ವಾರಕ್ಕೆ ಫ್ಯಾನು ಮತ್ತೆ ಬರೀ ನಾಲ್ಕರಲ್ಲೇ ಬೀಸತೊಡಗಿತು. ಗತಿಯಿಲ್ಲದೆ ಗ್ಯಾರೇಜಿಗೆ ಹೋಗಿ, ಅಷ್ಟೂ ಗಂಡಸರ ನಡುವೆ, ಅದೇ ಸ್ಟೂಲಿನ ಮೇಲೆ ಕುಳಿತೆ. ಮೇಸ್ತ್ರಿ ರೆಸಿಸ್ಟರ್ ಹೊರತೆಗೆದು ಮೂಸಿ ನೋಡಿದ.

“ಅಮ್ಮಾರ, ಇದಕ್ಕ ವಗ್ಗರಣಿ ಯಾರ ಹಾಕ್ಯಾರ್ರಿ?”

ಯಾರೋ ಏನೋ ಎಂಬಂತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಅದಿನ್ನೂ ಹಳದಿಯಾಗಿಯೇ ಇತ್ತು!