ಬೀರುವಿನ ಕಾಲಡಿಯ ಡಿಕ್ಷನರಿ

ಬೆಳ್ಳಂಬೆಳಗ್ಗೆ ತನ್ನ ಮನೆಗೆ ಬಂದು, ತಾನೇ ಮಾಡಿದ ಕುರ್ಚಿಯಲ್ಲಿ ಕೂತು, ತನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ತನಗೇ ಇಂಗ್ಲಿಷಿನಲ್ಲಿ ಬೈದು ಹೋಗುವುದೆಂದರೆ! ಬಡಗಿಗೆ ಮೈಯೆಲ್ಲ ಉರಿದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದ. ಆದರೆ ಬೈದವನು ಹೆಂಡತಿಯ ಖಾಸಾ ತಮ್ಮ, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಮೇಲಾಗಿ, ಅದು ಬೈಗುಳವೇ, ಅಲ್ಲವೇ ಎಂಬುದೇ ಇನ್ನೂ ಇತ್ಯರ್ಥವಾಗಿರಲಿಲ್ಲ.

ಮೇಷ್ಟ್ರು ತನ್ನ ಪುಸ್ತಕಗಳಿಗೆಂದು ಒಂದು ಮರದ ಬೀರು ಹೇಳಿದ್ದ. ಶೆಡ್ಡಿನಲ್ಲಿ ಜಾಗ ಸಾಲದೆ ಬಡಗಿ ಅದನ್ನು ಮನೆಯ ನಡುಕೋಣೆಯಲ್ಲೇ ಕಟ್ಟಿ ನಿಲ್ಲಿಸಿದ. (ಹಾಸಿಗೆ, ತಲೆದಿಂಬು, ಸಾರು ಎಲ್ಲದರಲ್ಲೂ ಮರದ ಹೊಟ್ಟು. ಹೆಂಡತಿ ಸೀನುವಾಗಲೂ ಬೈಯುತ್ತಿದ್ದಳು.) ಆದರೇನು, ಅಂಥ ಬೀರುವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಅತ್ತೆಮನೆಯವರ ಮುಂದೆ ತಲೆಯೆತ್ತಿ ನಿಲ್ಲಲು ಇದೊಂದು ಸಾಕು ಎಂದುಕೊಂಡಿದ್ದ. ಈ ದಿನ ಮೇಷ್ಟ್ರು ಬಂದ, ಬೀರುವಿನ ಸುತ್ತ ಪ್ರದಕ್ಷಿಣೆ ಹಾಕಿದ, ಎರಡೂ ಕೈ ಚಾಚಿ ಅದರ ಅಗಲ ನೋಡಿದ, ಆಮೇಲೆ ಹಣೆ ಚಚ್ಚಿಕೊಂಡು, "ಫಾಲಿ! ಶುದ್ಧ ಫಾಲಿ!" ಎಂದ. "ಸಂಜೆ ಗಾಡಿ ತರ್ತೀನಿ ಭಾವ" ಎಂದವನೇ ಅರ್ಧ ಕಾಫಿ ಬಿಟ್ಟು ಓಡಿದ.

"ಫಾಲಿ ಅಂದ್ರೇನೇ?" ಬಡಗಿ ಹೆಂಡತಿಯನ್ನು ಕೇಳಿದ.

"ಚೆನ್ನಾಗಿದೆ ಅಂದಿರ್ಬೇಕು ಬಿಡ್ರೀ."

"ಹಣೆ ಚಚ್ಕೊಂಡು ಯಾರಾದ್ರೂ ಚೆನ್ನಾಗಿದೆ ಅಂತಾರೇನೇ?"

"ಸಂತೋಷ ತಡೀಲಾರದೆ ಚಚ್ಕೊಂಡಿರ್ತಾನೆ. ನನ್ನ ತಮ್ಮ ನಿಮ್ಮ ಹಾಗಲ್ಲ, ತಿಳಿದವನು."

"ಹಾಗಾದ್ರೆ ನಾನು ತಿಳೀದವನು! ತೆಗಿಯೇ ಡಿಕ್ಷನರಿ!"

ಹೆಂಡತಿ ಬೀರುವಿನ ಹಿಂಬದಿಯ ಕಾಲಿನತ್ತ ಬೆರಳು ತೋರಿಸಿದಳು.

ಅದು ಇವರ ಮದುವೆಗೆ ಮೇಷ್ಟ್ರೇ ಉಡುಗೊರೆ ಕೊಟ್ಟ ಇಂಗ್ಲಿಷ್-ಕನ್ನಡ ಡಿಕ್ಷನರಿ. ಕೋಣೆಯ ಮೂಲೆಯಲ್ಲಿ ನೆಲ ತುಸು ತಗ್ಗು. ಬೀರು ಅಲ್ಲಾಡಬಾರದೆಂದು ಬಡಗಿ ಅದನ್ನು ಕಾಲಡಿಗೆ ಕೊಟ್ಟಿದ್ದ. ಮನೆ ತುಂಬ ಮರದ ಚೂರುಗಳಿದ್ದವು, ನಿಜ. ಆದರೆ ಡಿಕ್ಷನರಿಯ ದಪ್ಪ ಹೇಳಿ ಮಾಡಿಸಿದಂತಿತ್ತು. (ಮೇಷ್ಟ್ರು ಕೊಟ್ಟ ಪುಸ್ತಕ ಮೇಷ್ಟ್ರ ಬೀರುವಿಗೇ ಆಧಾರವಾದರೆ ತಪ್ಪೇನು ಎಂಬುದು ಅವನ ವಾದ.)

ಬಡಗಿ ಹಾರೆ ತಂದು ಬೀರುವಿನ ಅಡಿಗೆ ಕೊಟ್ಟು ಮೀಟಿದ. "ಎಳಿಯೇ! ಬೇಗ ಎಳಿ!"

ಹೆಂಡತಿ ಎಳೆದಳು. ಡಿಕ್ಷನರಿ ಬಂತು, ಅವಳು ಅದನ್ನು ತಬ್ಬಿಕೊಂಡೇ ಅಂಗಾತ ಬಿದ್ದಳು. ಹಾರೆ ಜಾರಿತು. ಬೀರು ಒಮ್ಮೆ ಓಲಾಡಿ, ಗಂಭೀರವಾಗಿ ವಾಲಿ, ತೆರೆದಿದ್ದ ಬಾಗಿಲನ್ನು ದಡಾರನೆ ಮುಚ್ಚಿ ಅದಕ್ಕೇ ಒರಗಿ ನಿಂತಿತು. ಒಳಕ್ಕೆ ತೆರೆಯುವ ಬಾಗಿಲು. ದಂಪತಿಗಳಿಬ್ಬರೂ ಕೋಣೆಯಲ್ಲಿ ಬಂದಿ.

"ಅಯ್ಯೋ, ಒಲೆ ಮೇಲೆ ಹಾಲಿಟ್ಟಿದೀನಿ ಕಣ್ರೀ!"

"ಹಾಲು ಹಾಳಾಗ್ಲಿ, ಮೊದಲು ಅರ್ಥ ಹುಡುಕು!"

ಟೆಲಿಫೋನಿನಲ್ಲಿರುವ ಹಾಗೆ ಪಿ ಎಚ್ ಇರಬೇಕೆಂದು ಬಡಗಿ ಹಟ ಹಿಡಿದ. ಅಲ್ಲಿ ಸಿಗಲಿಲ್ಲ. ಹೆಂಡತಿ ಎಫ್‌ನಲ್ಲಿ ಹುಡುಕಿದಳು. ಸಿಕ್ಕಿತು. ಅವಳ ದನಿ ಇಳಿಯುತ್ತಾ ಹೋಯಿತು.

"ಮೂರ್ಖತನ... ಅವಿವೇಕ... ಹುಚ್ಚಾಟ... ಎರಡು ಎಲ್ ಬರತ್ತಂತೆ ರೀ."

"ಒಂದು ಸಾಲದೂಂತ ಎರಡೆರಡು ಹಾಕಿ ಬೈದಿದಾನೆ! ನನ್ನ ಬೀರು ಮೂರ್ಖತನವಂತೆ!"

ಕೋಪಕ್ಕಿಂತ ಹೆಚ್ಚಾಗಿ ಅವನಿಗೆ ನೋವಾಗಿತ್ತು. ಅದನ್ನು ಹೆಂಡತಿಗೆ ತೋರಿಸಬಾರದೆಂದು ಇನ್ನಷ್ಟು ಕೂಗಾಡಿದ. ಹೇಗೂ ಹೊರಗೆ ಹೋಗಬೇಕು, ಹೇಗೂ ಈ ಬೀರು ಆ ಕೃತಘ್ನನ ಮನೆ ಸೇರಬಾರದು. ಗರಗಸ ಕೈಗೆತ್ತಿಕೊಂಡ. "ಬೇಡ ಕಣ್ರೀ, ಅವನನ್ನೊಂದು ಮಾತು ಕೇಳಿ" ಎಂದು ಹೆಂಡತಿ ತೋಳು ಹಿಡಿದಳು. ಅವನು ಕೊಡವಿಕೊಂಡ. ಕಣ್ಣೊರೆಸಿಕೊಳ್ಳುತ್ತಾ (ಹೊಟ್ಟಿನ ಧೂಳು ಎಂದ) ಬೀರುವನ್ನು ನಟ್ಟನಡುವೆ ಕೊಯ್ಯುತ್ತಾ ಹೋದ. ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು.

ಕಿಟಕಿಯ ಸರಳುಗಳಾಚೆ ಮೇಷ್ಟ್ರ ಮುಖ ಕಂಡಿತು. ತಲೆತುಂಬ ಸುಣ್ಣದ ಧೂಳು.

"ಭಾವಾ, ಗಾಡಿ ಬಂದಿದೆ, ಬಾಗಿಲು ತೆಗೀರಿ!"

"ಯಾರಯ್ಯಾ ಮೂರ್ಖ?" ಬಡಗಿ ಗರ್ಜಿಸಿದ.

"ನಾನೇ ಭಾವ, ಇನ್ಯಾರು?" ಮೇಷ್ಟ್ರು ನಕ್ಕ. "ನಮ್ಮನೆ ಬಾಗಿಲು ಅಳೀದೆ ಇಷ್ಟು ದೊಡ್ಡ ಬೀರು ಹೇಳಿದ್ನಲ್ಲ! ಬೆಳಿಗ್ಗೆ ನೋಡಿದ ಕೂಡ್ಲೇ ನನ್ನ ಫಾಲಿ ಹೊಳೀತು. ರಜೆ ಹಾಕಿ, ಚೌಕಟ್ಟು ಕೀಳಿಸಿ, ಗೋಡೆ ಒಡೆಸಿ ಬಂದೆ. ಇಂಥ ಬೀರುಗೋಸ್ಕರ ಮನೇನೇ ಒಡೆದ್ರೂ ತಪ್ಪಿಲ್ಲ ಅನ್ನಿಸ್ತು ಭಾವ."

ಬಡಗಿಯ ಕೈಯಿಂದ ಗರಗಸ ಕೆಳಗೆ ಬಿತ್ತು. ಮೇಷ್ಟ್ರು ಕತ್ತು ಚಾಚಿ ಒಳಗೆ ನೋಡಿದ. ಎರಡು ಹೋಳಾದ ಬೀರು, ಹೊಟ್ಟಿನಲ್ಲಿ ಮುಳುಗಿದ ಭಾವ, ಅಕ್ಕನ ಮಡಿಲಲ್ಲಿ ತಾನೇ ಕೊಟ್ಟ ಡಿಕ್ಷನರಿ. ಆಮೇಲೆ ಅವನ ಕಣ್ಣು ಕೋಣೆಯ ಬಾಗಿಲಿನತ್ತ ಹೊರಳಿತು.

"ಅದೆಲ್ಲ ಇರ್ಲಿ ಭಾವ" ಎಂದ ಮೆಲ್ಲಗೆ. "ಇಡೀ ಬೀರು ಈ ಬಾಗಿಲಿಂದ ಹೊರಗೆ ಹೇಗೆ ಬರ್ತಿತ್ತು?"

ಬಡಗಿ ಬಾಗಿಲನ್ನು ನೋಡಿದ. ಅವನೇ ಮಾಡಿ ಕೂರಿಸಿದ ಬಾಗಿಲು. ಬೀರುವಿನ ಅರ್ಧ ಹೋಳೇ ಅದಕ್ಕಿಂತ ಅಗಲವಾಗಿತ್ತು.

ಹೆಂಡತಿ ಡಿಕ್ಷನರಿಯ ಮೇಲಿನ ಹೊಟ್ಟನ್ನು ಸೆರಗಿನಿಂದ ಒರೆಸಿದಳು.

"ರೀ, ಇದಕ್ಕೆ ಏನಂತಾರೆ ಅಂತ ಕನ್ನಡದಲ್ಲಿ ಹೇಳ್ಲಾ, ಇಂಗ್ಲಿಷಲ್ಲಿ ಹೇಳ್ಲಾ?"